ಆಂಡ್ರೊಮಿಡಾ ಫೋಟೋ ಪ್ಲಾಸ್ಟಿಕ್ ಥರ ಕಾಣ್ತಿದೆ, ಎಲ್ಲಿ ಜಾಸ್ತಿ ಆಯ್ತು? ಜೊತೆಗೆ ಒಂದು ವಿಚಿತ್ರ ಕಮಾನು

ಮಂಡಕ್ಕಿ_ಮೆಣಸಿನಕಾಯಿ · ಸೋಮವಾರ, ರಾತ್ರಿ 9:12

ನಮಸ್ಕಾರ. ನಾನು ದಾವಣಗೆರೆಯವನು. ಒಂದು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಈಗ ಬರೆಯಲೇಬೇಕಾಯಿತು.

ಊರೊಳಗೆ ನಕ್ಷತ್ರ ಕಾಣುವ ಆಸೆ ಬಿಟ್ಟಿದ್ದೇನೆ. ಭರಮಸಾಗರದ ಕಡೆ ನಮ್ಮ ಸೋದರಮಾವನ ಹೊಲ ಇದೆ, ಹೆದ್ದಾರಿಯಿಂದ ಸಾಕಷ್ಟು ಒಳಗೆ. ಕಾರ್ತಿಕ ಅಮಾವಾಸ್ಯೆಗೆ ಮುಂಚಿನ ಶನಿವಾರ ಈರುಳ್ಳಿ ಹೊಲದ ಬದುವಿನ ಮೇಲೆ ಟ್ರೈಪಾಡ್ ನಿಲ್ಲಿಸಿ ಎಂ31, ಅಂದರೆ ಆಂಡ್ರೊಮಿಡಾ ಗೆಲಾಕ್ಸಿಯ ಫೋಟೋ ತೆಗೆದೆ. ಕ್ಯಾನನ್ 200ಡಿ, ಮಾಡಿಫೈ ಮಾಡಿಸಿಲ್ಲ. 55-250 ಲೆನ್ಸ್, 250ರಲ್ಲಿ ಎಫ್/5.6. ಆಕಾಶ ತಿರುಗಿದಂತೆ ಕ್ಯಾಮೆರಾ ತಿರುಗಿಸುವ ಸ್ಟಾರ್ ಅಡ್ವೆಂಚರರ್ ಟ್ರ್ಯಾಕರ್. ಐಎಸ್‌ಒ 800, 60 ಸೆಕೆಂಡಿನ 148 ಫ್ರೇಮ್. ರಾತ್ರಿ 8:50ಕ್ಕೆ ಶುರು, 11:25ಕ್ಕೆ ಮುಗಿಸಿದೆ. ಕ್ಯಾಮೆರಾ, ಲೆನ್ಸಿನ ದೋಷ ಕಳೆಯುವ ಫ್ರೇಮುಗಳು: ಡಾರ್ಕ್ 30, ಫ್ಲಾಟ್ 25.

ತೊಂದರೆ ಏನಂದರೆ ಫೋಟೋ ಫೋಟೋ ಥರ ಕಾಣುತ್ತಿಲ್ಲ. ಹಿನ್ನೆಲೆ ಕಾಡಿಗೆ ಬಳಿದ ಹಾಗಿದೆ. ಪ್ರತಿ ನಕ್ಷತ್ರದ ಸುತ್ತ ಕಪ್ಪು ಬಳೆ. ಗೆಲಾಕ್ಸಿಯ ನಡುಭಾಗ ಬರೀ ಬಿಳಿ. ದೂಳಿನ ಪಟ್ಟಿಗಳು ಹುಣಸೆ ಮರದ ತೊಗಟೆ ಥರ ಸೀಳು ಸೀಳಾಗಿವೆ. ದೋಸೆ ಹೋಟೆಲಿನಲ್ಲಿ ಗೆಳೆಯನಿಗೆ ಮೊಬೈಲ್‌ನಲ್ಲಿ ತೋರಿಸಿದೆ. ಬೆಣ್ಣೆ ಕೈ ಒರೆಸಿಕೊಂಡು ಎರಡು ಸೆಕೆಂಡ್ ನೋಡಿ "ಎಐ ಅಲ್ವಾ ಇದು?" ಅಂದ. ಚಳಿಯಲ್ಲಿ ಎರಡೂವರೆ ಗಂಟೆ ಕೂತು ಬಂದವನಿಗೆ ಹೇಗಾಗಬೇಡ ಹೇಳಿ.

ಇನ್ನೊಂದು ವಿಷಯ. ಪಕ್ಕದ ಚಿಕ್ಕ ಗೆಲಾಕ್ಸಿ ಎಂ110ರ ಆಚೆ, ಮೂಲೆಯ ಕಡೆ, ತೆಳ್ಳಗೆ ಒಂದು ಕಮಾನು ಕಾಣುತ್ತಿದೆ. 2023ರಲ್ಲಿ ಹವ್ಯಾಸಿಗಳು ಆಂಡ್ರೊಮಿಡಾ ಪಕ್ಕ ಆಮ್ಲಜನಕದ ಕಮಾನು ಸಿಕ್ಕಿದೆ ಅಂತ ಪ್ರಕಟಿಸಿದರಲ್ಲ, ಅದೇನಾದರೂ ಇರಬಹುದಾ? ನಗಬೇಡಿ ದಯವಿಟ್ಟು.

ಎಂಟಿಂಚು · ಸೋಮವಾರ, ರಾತ್ರಿ 10:03

ತಮ್ಮಾ, ನಾನು ಫೋಟೋದವನಲ್ಲ. ಎಂಟಿಂಚಿನ ಡಾಬ್ಸೋನಿಯನ್ ದೂರದರ್ಶಕ ಇಟ್ಟುಕೊಂಡು ಕಣ್ಣಲ್ಲೇ ನೋಡುವವನು. ಹಿರಿಯೂರಿನ ಕಡೆ, ಮಾರಿಕಣಿವೆ ಹಿನ್ನೀರಿನ ಹತ್ತಿರ ನನ್ನ ಜಾಗ. ಅಲ್ಲಿ ನನಗೆ ಸಿಗುವ ಎಂ31 ಅಂದರೆ ಬೂದು ಬಣ್ಣದ ಮಸುಕು ಮೊಟ್ಟೆ, ಪಕ್ಕದಲ್ಲಿ ಚಿಕ್ಕ ಗೆಲಾಕ್ಸಿ ಎಂ32, ರಾತ್ರಿ ತುಂಬಾ ಚೆನ್ನಾಗಿದ್ದರೆ ಒಂದು ದೂಳಿನ ಪಟ್ಟಿ. ಬಣ್ಣ ಅನ್ನೋದು ಇಲ್ಲವೇ ಇಲ್ಲ. 964ರಲ್ಲಿ ಪರ್ಷಿಯಾದ ಖಗೋಳಜ್ಞ ಅಲ್ ಸೂಫಿ ಇದನ್ನು ಚಿಕ್ಕ ಮೋಡ ಅಂತ ಬರೆದಿಟ್ಟ. ಸಾವಿರ ವರ್ಷ ಆದರೂ ನನ್ನ ಕಣ್ಣಿಗೆ ಅದಕ್ಕಿಂತ ತುಂಬಾ ಹೆಚ್ಚೇನೂ ಸಿಕ್ಕಿಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, "ಕಣ್ಣಿಗೆ ಕಂಡ ಹಾಗೇ ಫೋಟೋ ಇರಬೇಕು" ಅಂತ ಯಾರಾದರೂ ಉಪದೇಶ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡ. ಆಮೇಲೆ ನಿನಗೆ ಬೂದು ಬಿಟ್ಟು ಏನೂ ಉಳಿಯಲ್ಲ. ಪ್ರೋಸೆಸ್ ಮಾಡಬೇಕು. ಎಷ್ಟು ಅನ್ನೋದನ್ನ ಕಲ್ಲುಕೋಟೆಯವರು ಹೇಳಲಿ.

ಕಲ್ಲುಕೋಟೆ · ಮಂಗಳವಾರ, ಬೆಳಗ್ಗೆ 6:48

ಫೋಟೋ ನೋಡಿದೆ. ಬೈಯುವ ಮುಂಚೆ ನಾಲ್ಕು ಪ್ರಶ್ನೆ.

ಯಾವ ಕ್ರಮದಲ್ಲಿ ಏನೇನು ಮಾಡಿದಿರಿ? ಸ್ಟ್ರೆಚ್ ಮಾಡುವ (ಮಸುಕು ಭಾಗ ಕಾಣುವಂತೆ ಹೊಳಪು ಎತ್ತುವ) ಮುಂಚಿನ ಸ್ಟ್ಯಾಕ್ ಫೈಲ್ (ಎಲ್ಲಾ ಫ್ರೇಮ್ ಕೂಡಿಸಿದ್ದು) ಇನ್ನೂ ಇದೆಯಾ? ಹಿನ್ನೆಲೆಯ ಬೆಳಕು ತೆಗೆಯುವಾಗ, ಇದು ಬರೀ ಆಕಾಶ ಅಂತ ಗುರುತಿಸುವ ಬಿಂದುಗಳನ್ನು ಎಲ್ಲಿ ಇಟ್ಟಿರಿ? ಲೆನ್ಸಿಗೆ ಹುಡ್ (ಪಕ್ಕದ ಬೆಳಕು ತಡೆಯುವ ಕೊಳವೆ) ಇತ್ತಾ?

ಮಂಡಕ್ಕಿ_ಮೆಣಸಿನಕಾಯಿ · ಮಂಗಳವಾರ, ಮಧ್ಯಾಹ್ನ 1:30

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ ಸರ್.

ಸಿರಿಲ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸ್ಟ್ಯಾಕ್ ಮಾಡಿದೆ. ಆಮೇಲೆ ಗ್ರಾಎಕ್ಸ್‌ಪರ್ಟ್ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಹಿನ್ನೆಲೆ ತೆಗೆದೆ, ಬಿಂದುಗಳನ್ನು ನಾನೇ ಇಟ್ಟೆ, ಎಲ್ಲಾ ಕಡೆ ಸಮವಾಗಿ, ಒಂದು 60-70 ಇರಬಹುದು. ಆಮೇಲೆ ಸಿರಿಲ್‌ನಲ್ಲಿ ಆಟೋಸ್ಟ್ರೆಚ್ ಒತ್ತಿದಾಗ ಚೆನ್ನಾಗಿ ಕಂಡಿತು, ಅದನ್ನೇ ಜೆಪೆಗ್ ಮಾಡಿದೆ. ಅಲ್ಲಿಂದ ಮೊಬೈಲ್‌ಗೆ. ಮೊಬೈಲ್ ಆ್ಯಪ್‌ನಲ್ಲಿ ಸ್ಟ್ರಕ್ಚರ್, ಕ್ಲಾರಿಟಿ, ಕಾಂಟ್ರಾಸ್ಟ್. ಕೊನೆಗೆ ಎಐ ಶಾರ್ಪನ್ ಅಂತ ಒಂದು ಬಟನ್ ಇತ್ತು, ಅದನ್ನೂ ಒತ್ತಿದೆ. ನಿಜ ಹೇಳಬೇಕಂದ್ರೆ ಎರಡು ಸಲ ಒತ್ತಿದೆ.

ಹುಡ್ ಇಲ್ಲ. ಕಳೆದುಹೋಗಿ ಆರು ತಿಂಗಳಾಯಿತು. ಕತ್ತಲಲ್ಲಿ ಹುಡ್ ಯಾಕೆ ಅಂತ ಹೊಸದು ತಗೊಂಡಿಲ್ಲ.

ಸ್ಟ್ಯಾಕ್ ಫೈಲ್ ಇದೆ, ಲಿಂಕ್ ಹಾಕಿದ್ದೇನೆ.

ಕಲ್ಲುಕೋಟೆ · ಮಂಗಳವಾರ, ರಾತ್ರಿ 11:20

ಫೈಲ್ ತೆರೆದು ಒಂದು ಗಂಟೆ ಕೂತೆ. ಡೇಟಾ ಚೆನ್ನಾಗಿದೆ ಕಣ್ರೀ. ನಕ್ಷತ್ರಗಳು ದುಂಡಗಿವೆ. ನಮ್ಮ ಕಡೆ ಧ್ರುವ ನಕ್ಷತ್ರ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುತ್ತದೆ, ಒಂದು ಗುಡ್ಡ ಅಡ್ಡ ಬಂದರೂ ಟ್ರ್ಯಾಕರನ್ನು ಅದಕ್ಕೆ ಅಲೈನ್ ಮಾಡೋಕೆ ಆಗಲ್ಲ. ದುರ್ಗದಲ್ಲಿ ನನ್ನ ಮನೆ ತಾರಸಿಯಿಂದ ಬಂಡೆಗಳೇ ಕಾಣುತ್ತವೆ, ಧ್ರುವ ಕಾಣಲ್ಲ. ನೀವು ಆ ಕೆಲಸ ಸರಿಯಾಗಿ ಮಾಡಿದ್ದೀರಿ. ಹಾಳಾಗಿರುವುದೆಲ್ಲ ಆಮೇಲೆ.

ನಡುಭಾಗದಿಂದ ಶುರು ಮಾಡೋಣ. ಸ್ಟ್ರೆಚ್ ಆಗದ ಫೈಲಿನಲ್ಲಿ ಗೆಲಾಕ್ಸಿಯ ನಡುವಿಗೆ ಕರ್ಸರ್ ಇಟ್ಟು ಅಂಕಿ ನೋಡಿದೆ. ಎಲ್ಲೂ ಮೇಲಿನ ಮಿತಿ ಮುಟ್ಟಿಲ್ಲ. ಅಂದರೆ ಅದನ್ನು ಸುಟ್ಟಿದ್ದು ಕ್ಯಾಮೆರಾ ಅಲ್ಲ, ನೀವು. ಆಟೋಸ್ಟ್ರೆಚ್ ಇರುವುದು ಫೈಲಿನಲ್ಲಿ ಏನಿದೆ ಅಂತ ಬಗ್ಗಿ ನೋಡುವುದಕ್ಕೆ. ಮಸುಕು ಭಾಗವನ್ನು ಮೇಲೆತ್ತುವ ಭರದಲ್ಲಿ ಹೊಳಪಿನ ಭಾಗವನ್ನು ಅದು ಬಿಳಿ ಮಾಡಿಬಿಡುತ್ತದೆ. ಅದನ್ನೇ ಸೇವ್ ಮಾಡಬಾರದು. ಸಿರಿಲ್‌ನಲ್ಲೇ ಜನರಲೈಸ್ಡ್ ಹೈಪರ್ಬಾಲಿಕ್ ಸ್ಟ್ರೆಚ್ ಇದೆ. ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ, ಮೂರ್ನಾಲ್ಕು ಸಲ ಎತ್ತಿ. ಪ್ರತಿ ಸಲ ನಡುಭಾಗದ ಕಡೆ ಒಂದು ಕಣ್ಣಿರಲಿ. ನಾನು ಹಾಗೆ ಮಾಡಿದಾಗ ನಡುವಿನಲ್ಲಿ ಹಳದಿ ಬಣ್ಣ, ಅದರೊಳಗೆ ಸೂಜಿಮೊನೆಯಂಥ ಕೇಂದ್ರ, ಎರಡೂ ಬಂದವು. ಹಳದಿ ಬರಲೇಬೇಕು. ಅಲ್ಲಿರುವುದೆಲ್ಲ ವಯಸ್ಸಾದ ನಕ್ಷತ್ರಗಳು. ಸುರುಳಿ ತೋಳುಗಳಲ್ಲಿ ಎಳೆಯ ಬಿಸಿ ನಕ್ಷತ್ರಗಳಿವೆ, ಅದಕ್ಕೇ ಅಲ್ಲಿ ನೀಲಿ.

ಜೆಪೆಗ್. ಅಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಗೆಲಾಕ್ಸಿಯ ಹೊರ ಅಂಚಿಗೆ ಅದರಲ್ಲಿ ಸಿಗುವುದು ಹತ್ತೋ ಹದಿನೈದೋ. ಅದರ ಮೇಲೆ ಕಾಂಟ್ರಾಸ್ಟ್ ಎಳೆದರೆ ಮೆಟ್ಟಿಲುಗಳೇ ಎದ್ದು ಕಾಣುತ್ತವೆ. ಕೊನೆಯವರೆಗೂ 32 ಬಿಟ್ ಫಿಟ್ಸ್ ಫೈಲಿನಲ್ಲೇ ಇರಿ. ಗೆಳೆಯನಿಗೆ ಕಳಿಸುವಾಗ ಮಾತ್ರ ಜೆಪೆಗ್.

ಹಿನ್ನೆಲೆ. ಹಿಸ್ಟೋಗ್ರಾಂನ (ಹೊಳಪಿನ ಹಂಚಿಕೆಯ ನಕ್ಷೆ) ಗುಡ್ಡ ಎಡಗಡೆ ಗೋಡೆಗೆ ಡಿಕ್ಕಿ ಹೊಡೆದು ಅರ್ಧ ಕತ್ತರಿಸಿಹೋಗಿದೆ. ಆಕಾಶ ಅಷ್ಟು ಕಪ್ಪಲ್ಲ. 255ರಲ್ಲಿ 20ರಿಂದ 30ರ ಆಸುಪಾಸು ಬಿಡಿ. ಇದು ಬರೀ ಅಂದದ ಮಾತಲ್ಲ. ಎಂ31 ಆಕಾಶದಲ್ಲಿ ಸುಮಾರು 3 ಡಿಗ್ರಿ ಉದ್ದ, ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು. ನಿಮ್ಮ ಕ್ಯಾಮೆರಾ ಲೆನ್ಸಿನ ಲೆಕ್ಕದಲ್ಲಿ ಅದು 3500 ಪಿಕ್ಸೆಲ್. ನೀವು ಹಾಕಿದ ಫೋಟೋದಲ್ಲಿ ಅಳೆದರೆ 2300 ಇದೆ. ಮೂರನೇ ಒಂದು ಭಾಗ ಗೆಲಾಕ್ಸಿಯನ್ನು ನೀವೇ ಕತ್ತಲಲ್ಲಿ ಹೂತುಹಾಕಿದ್ದೀರಿ. ಚಳಿಯಲ್ಲಿ ಕೂತಿದ್ದೇ ಅದಕ್ಕೆ ಅಲ್ವಾ? ಗ್ರಾಎಕ್ಸ್‌ಪರ್ಟ್‌ನಲ್ಲಿ 60-70 ಬಿಂದು ಇಟ್ಟಿದ್ದೂ ಇದಕ್ಕೆ ಸೇರಿಕೊಂಡಿದೆ. ಗೆಲಾಕ್ಸಿಯ ಅಂಚಿನ ಮೇಲೆ ಬಿದ್ದ ಬಿಂದುಗಳನ್ನೂ ಅದು ಆಕಾಶ ಅಂತ ತಿಳಿದು ಕಳೆದುಬಿಟ್ಟಿದೆ. ಬಿಂದುಗಳು 15-20 ಸಾಕು, ಎಲ್ಲಾ ಗೆಲಾಕ್ಸಿಯಿಂದ ದೂರ.

ಈಗ ಹುಣಸೆ ತೊಗಟೆ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ.

ನಿಮ್ಮ ಒಂದು ಪಿಕ್ಸೆಲ್ ಅಂದರೆ ಆಕಾಶದ ಸುಮಾರು 3 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600). ಎಂ31 ಇರುವುದು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ. ಅಷ್ಟು ದೂರದಲ್ಲಿ ಒಂದು ಪಿಕ್ಸೆಲ್ಲಿನೊಳಗೆ 37 ಜ್ಯೋತಿರ್ವರ್ಷದಷ್ಟು ಜಾಗ ಕೂತಿರುತ್ತದೆ. ಇರಲಿ, ಅದೂ ದೊಡ್ಡದಲ್ಲ. ನಿಮ್ಮ ಸ್ಟ್ಯಾಕ್‌ನಲ್ಲಿ ನಕ್ಷತ್ರಗಳ ಅಗಲ ಅಳೆದೆ: 3 ಪಿಕ್ಸೆಲ್. ನಕ್ಷತ್ರ ಅಂದರೆ ನಿಜದಲ್ಲಿ ಬರೀ ಚುಕ್ಕಿ. ಲೆನ್ಸು, ಗಾಳಿ, ಟ್ರ್ಯಾಕಿಂಗ್ ಎಲ್ಲ ಸೇರಿ ಆ ಚುಕ್ಕಿಯನ್ನು ಮೂರು ಪಿಕ್ಸೆಲ್‌ಗೆ ಹರಡಿವೆ. ನೀವು ಹಾಕಿದ ಫೋಟೋದ ಸೀಳುಗಳ ಅಗಲ ಒಂದೂವರೆ ಪಿಕ್ಸೆಲ್. ಚುಕ್ಕಿಯೇ ಮೂರು ಪಿಕ್ಸೆಲ್ ಆಗಿರುವಾಗ ಅದರ ಅರ್ಧ ಅಗಲದ ಸೀಳು ಎಲ್ಲಿಂದ ಬಂತು? ಆಕಾಶದಿಂದಂತೂ ಬಂದಿಲ್ಲ. ಆ ಬಟನ್ ನಾಯ್ಸನ್ನು (ಫ್ರೇಮಿನ ಕಾಳು ಕಾಳು ಗದ್ದಲವನ್ನು) ಗೆರೆ ಅಂದುಕೊಂಡು ತಿದ್ದಿದೆ. ಎರಡನೇ ಸಲ ಒತ್ತಿದಾಗ ತಾನೇ ಬರೆದ ಗೆರೆಯನ್ನು ಮತ್ತೆ ತಿದ್ದಿದೆ. ನಕ್ಷತ್ರದ ಸುತ್ತ ಕಪ್ಪು ಬಳೆ ಬಂದಿದ್ದೂ ಅದೇ ಶಾರ್ಪನ್, ಕ್ಲಾರಿಟಿಯಿಂದ.

"ನೀವು ಹೇಳೋದು ಸರಿ ಇರಬಹುದು, ಆದರೂ ನನಗೆ ಆ ಸೀಳು ನಿಜ ಅನಿಸುತ್ತದೆ" ಅಂದರೆ, ನನ್ನ ಮಾತು ನಂಬಬೇಡಿ. ಹೀಗೆ ಮಾಡಿ. 148 ಫ್ರೇಮುಗಳನ್ನು ಎರಡು ಫೋಲ್ಡರ್‌ಗೆ ಹಾಕಿ, ಬೆಸ ಸಂಖ್ಯೆಯವು ಒಂದರಲ್ಲಿ, ಸಮ ಸಂಖ್ಯೆಯವು ಒಂದರಲ್ಲಿ. ಎರಡನ್ನೂ ಬೇರೆ ಬೇರೆ ಸ್ಟ್ಯಾಕ್ ಮಾಡಿ. ಎರಡಕ್ಕೂ ಅದೇ ಸ್ಟ್ರೆಚ್, ಅದೇ ಶಾರ್ಪನ್, ಅಂಕಿ ಕೂಡ ಅದೇ. ಆಮೇಲೆ ಒಂದರ ಮೇಲೊಂದು ಇಟ್ಟು ಮಿಟುಕಿಸಿ ನೋಡಿ. ಎರಡರಲ್ಲೂ ಒಂದೇ ಜಾಗದಲ್ಲಿ ಇರುವ ಗೆರೆ ಉಳಿಯಲಿ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಗೆರೆ ನಿಮ್ಮದು, ಆಂಡ್ರೊಮಿಡಾದ್ದಲ್ಲ. ಎಷ್ಟು ಪ್ರೋಸೆಸ್ ಮಾಡಬಹುದು ಅನ್ನುವ ಪ್ರಶ್ನೆಗೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ: ಎರಡು ಅರ್ಧಗಳೂ ಒಪ್ಪುವವರೆಗೆ.

ಕಮಾನಿನ ಬಗ್ಗೆ ಸದ್ಯಕ್ಕೆ ಬಾಯಿ ಬಿಡಲ್ಲ. ಒಂದು ಮಾತ್ರ. 2023ರ ಕಮಾನು ಎಂ31ರ ಆಗ್ನೇಯಕ್ಕಿದೆ. ಎಂ110 ಇರುವುದು ವಾಯವ್ಯದ ಕಡೆ. ನಿಮ್ಮದು ಎದುರು ಮಗ್ಗುಲು.

ಬಣ್ಣದ_ಬುಗುರಿ · ಬುಧವಾರ, ಬೆಳಗ್ಗೆ 9:15

ಕಲ್ಲುಕೋಟೆಯವರೇ, ನಿಮ್ಮ ಪಾಠ ಚೆನ್ನಾಗಿದೆ, ಆದರೆ ಪಾಪ ಹುಡುಗನನ್ನ ಹೆದರಿಸಿಬಿಟ್ಟಿರಿ. ಇದು ಹವ್ಯಾಸ ಸ್ವಾಮಿ. ಯಾರೂ ಸಂಶೋಧನೆಗೆ ಕಳಿಸುತ್ತಿಲ್ಲ. ಗೋಡೆಗೆ ಹಾಕೋ ಫೋಟೋ. ಹಬಲ್ ದೂರದರ್ಶಕದಿಂದ ಬರುವ ಚಿತ್ರಗಳಿಗೂ ಬಣ್ಣ ಆಮೇಲೆ ಸೇರಿಸಿದ್ದೇ ಅಲ್ವಾ? ಅವರು ಮಾಡಿದರೆ ವಿಜ್ಞಾನ, ನಾವು ಮಾಡಿದರೆ ಮೋಸಾನಾ? ನಾನಂತೂ ಸ್ಯಾಚುರೇಶನ್ ಎಳೆಯುತ್ತೇನೆ, ತೋಳುಗಳಲ್ಲಿ ಗುಲಾಬಿ ಚುಕ್ಕೆಗಳನ್ನ ಬ್ರಶ್‌ನಲ್ಲೇ ಎತ್ತುತ್ತೇನೆ. ಮನೆಗೆ ಬಂದವರೆಲ್ಲ ನಿಂತು ನೋಡುತ್ತಾರೆ.

ಕಲ್ಲುಕೋಟೆ · ಬುಧವಾರ, ಬೆಳಗ್ಗೆ 10:40

ಬುಗುರಿಯವರೇ, ಸ್ಯಾಚುರೇಶನ್ ಬಗ್ಗೆ ನನಗೆ ಜಗಳ ಇಲ್ಲ. ಇರುವ ಬಣ್ಣವನ್ನು ಜೋರು ಮಾಡುವುದು ರುಚಿಯ ವಿಷಯ. ನನಗೆ ಕಮ್ಮಿ ಇಷ್ಟ, ನಿಮಗೆ ಜಾಸ್ತಿ ಇಷ್ಟ. ಹಬಲ್‌ನವರೂ ಬೇರೆ ಬೇರೆ ಫಿಲ್ಟರ್‌ನಲ್ಲಿ ಬಂದ ಕಪ್ಪುಬಿಳುಪು ಚಿತ್ರಗಳಿಗೆ ಬಣ್ಣ ಕೊಟ್ಟು ಕೂಡಿಸುತ್ತಾರೆ, ನಿಜ. ಆದರೆ ಫಿಲ್ಟರ್‌ನಲ್ಲಿ ಏನೂ ಬೀಳದ ಜಾಗದಲ್ಲಿ ಬ್ರಶ್ ಆಡಿಸಲ್ಲ.

ಗುಲಾಬಿ ಚುಕ್ಕೆಗಳನ್ನೇ ತಗೊಳ್ಳಿ. ಅವು ಹೈಡ್ರೋಜನ್ ಮೋಡಗಳು, ಬೆಳಕು 656 ನ್ಯಾನೋಮೀಟರ್‌ನದ್ದು. ಮಾಡಿಫೈ ಮಾಡದ ಕ್ಯಾಮೆರಾದೊಳಗಿನ ಫಿಲ್ಟರ್ ಆ ಬೆಳಕಿನ ಬಹುಪಾಲನ್ನು ತಡೆಯುತ್ತದೆ. ಈ ಹುಡುಗನ ಫೈಲಿನಲ್ಲಿ ಅಂಥ ಚುಕ್ಕೆ ಐದಾರು, ಅದೂ ಕಷ್ಟಪಟ್ಟು ಹುಡುಕಿದರೆ. ಐವತ್ತು ಬಂದರೆ ಬಾಕಿ ನಲವತ್ತನಾಲ್ಕು ಯಾರ ಮನೆಯವು?

ಇನ್ನು "ಹವ್ಯಾಸ ತಾನೇ" ಅನ್ನೋ ಮಾತು. ಅನುಭವಸ್ಥರೂ ಇದರಲ್ಲಿ ಬಿದ್ದಿದ್ದಾರೆ. ವಾನ್ ಮಾನೆನ್ ಅಂತ ಮೌಂಟ್ ವಿಲ್ಸನ್ ವೀಕ್ಷಣಾಲಯದ ಖಗೋಳಶಾಸ್ತ್ರಜ್ಞ. ಅಳತೆಯಲ್ಲಿ ನಿಪುಣ. ಕೆಲವು ವರ್ಷಗಳ ಅಂತರದಲ್ಲಿ ತೆಗೆದ ಎಂ101 ಅನ್ನುವ ಸುರುಳಿ ಗೆಲಾಕ್ಸಿಯ ಫೋಟೋ ಪ್ಲೇಟುಗಳನ್ನು ಹೋಲಿಸಿ, ಅದು ತಿರುಗುವುದು ಕಾಣುತ್ತಿದೆ ಅಂತ 1916ರಲ್ಲಿ ಪ್ರಕಟಿಸಿದ. ಅಷ್ಟು ಬೇಗ ತಿರುಗುತ್ತಿದ್ದರೆ ಅದು ತುಂಬಾ ಹತ್ತಿರ ಇರಬೇಕು, ಅಂದರೆ ನಮ್ಮ ಆಕಾಶಗಂಗೆಯೊಳಗೇ ಇರಬೇಕು. ಇಂಥ ಸುರುಳಿಗಳು ಆಕಾಶಗಂಗೆಯ ಒಳಗಾ ಹೊರಗಾ ಅನ್ನುವ 1920ರ ದೊಡ್ಡ ವಾದದಲ್ಲಿ ಶ್ಯಾಪ್ಲಿ ಅನ್ನುವ ಖಗೋಳಶಾಸ್ತ್ರಜ್ಞ ಇದನ್ನೇ ಹಿಡಿದುಕೊಂಡ. ಆ ತಿರುಗುವಿಕೆ ಇರಲೇ ಇಲ್ಲ. ಮೋಸ ಅಲ್ಲ, ಬಟನ್ನೂ ಇರಲಿಲ್ಲ. ಪ್ಲೇಟು ತೋರಿಸಬಲ್ಲದ್ದಕ್ಕಿಂತ ಹೆಚ್ಚನ್ನು ಕಣ್ಣು ಕಂಡಿತ್ತು, ಅಷ್ಟೇ.

ಬಣ್ಣದ_ಬುಗುರಿ · ಬುಧವಾರ, ಬೆಳಗ್ಗೆ 11:02

ನಲವತ್ತನಾಲ್ಕು ನಮ್ಮ ಮನೆಯವೇ. ಒಪ್ಪಿಕೊಂಡೆ. ಆದರೂ ಗೋಡೆಯಿಂದ ಇಳಿಸಲ್ಲ.

ಮಂಡಕ್ಕಿ_ಮೆಣಸಿನಕಾಯಿ · ಗುರುವಾರ, ರಾತ್ರಿ 12:47

ನಿದ್ದೆ ಬರಲಿಲ್ಲ, ಅದಕ್ಕೆ ಈಗಲೇ ಹಾಕುತ್ತಿದ್ದೇನೆ.

ಬೆಸ 74, ಸಮ 74. ಎರಡಕ್ಕೂ ಒಂದೇ ಸ್ಟ್ರೆಚ್ ಕೊಟ್ಟು, ಅದೇ ಶಾರ್ಪನ್ ಬಟನ್ ಬೇಕಂತಲೇ ಒತ್ತಿದೆ. ಮಿಟುಕಿಸಿ ನೋಡಿದರೆ ತೊಗಟೆ ಪೂರ್ತಿ ಕುಣಿಯುತ್ತದೆ. ಒಂದರಲ್ಲಿ ಸೀಳು ಎಡಕ್ಕೆ ಕವಲೊಡೆದಿದ್ದರೆ ಇನ್ನೊಂದರಲ್ಲಿ ಬಲಕ್ಕೆ. ಕೆಲವು ಇಲ್ಲವೇ ಇಲ್ಲ. ಅಲುಗಾಡದೆ ನಿಂತಿದ್ದು ಎರಡು ದೊಡ್ಡ ದೂಳಿನ ಪಟ್ಟಿ ಮತ್ತು ತೋಳಿನ ತುದಿಯ ಹತ್ತಿರ ಒಂದು ನಕ್ಷತ್ರಗಳ ಗುಂಪು. ನೋಡಿದ ಮೇಲೆ ಒಂಥರಾ ನಾಚಿಕೆ ಆಯಿತು. ಅದನ್ನೇ ಸ್ಟೇಟಸ್‌ಗೂ ಹಾಕಿದ್ದೆ.

ಆದರೆ ಸರ್, ಕಮಾನು!! ಕಮಾನು ಎರಡರಲ್ಲೂ ಇದೆ. ಅದೇ ಜಾಗ, ಅದೇ ಬಾಗು, ಅದೇ ಹೊಳಪು. ಶಾರ್ಪನ್ ಇಲ್ಲದೆಯೂ ಇದೆ. ನಿಮ್ಮ ಪರೀಕ್ಷೆಯನ್ನು ಪಾಸು ಮಾಡಿದೆ. ಈಗ ಏನಂತೀರಿ?

ಎಂಟಿಂಚು · ಗುರುವಾರ, ಬೆಳಗ್ಗೆ 5:30

ತಡಿ ತಮ್ಮಾ, ಊರಿಗೆಲ್ಲ ಸಿಹಿ ಹಂಚಬೇಡ.

ಬೆಸ-ಸಮ ಅಂತ ಹಂಚಿದರೆ ಎರಡು ಗುಂಪಿಗೂ ರಾತ್ರಿಯ ಎಲ್ಲಾ ಹೊತ್ತಿನ ಫ್ರೇಮೂ ಬಂದಿರುತ್ತದೆ. ನಾಯ್ಸ್ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಹಾಗಾಗಿ ಸಿಕ್ಕಿಬೀಳುತ್ತದೆ. ಆದರೆ ಆ ರಾತ್ರಿ ನಿನ್ನ ಹೊಲದಲ್ಲಿ ಏನೋ ಒಂದು ಬೆಳಕು ಇದ್ದಿದ್ದರೆ ಅದು ಎರಡು ಗುಂಪಿಗೂ ಸಮನಾಗಿ ಹಂಚಿಹೋಗಿರುತ್ತದೆ. ಈಗ ಹೊತ್ತಿನ ಪ್ರಕಾರ ಹಂಚು. ಮೊದಲ 74 ಒಂದು ಕಡೆ, ಕೊನೆಯ 74 ಒಂದು ಕಡೆ.

1923ರ ಅಕ್ಟೋಬರ್‌ನಲ್ಲಿ ಹಬಲ್ ಅನ್ನುವ ಖಗೋಳಶಾಸ್ತ್ರಜ್ಞ (ದೂರದರ್ಶಕಕ್ಕೆ ಹೆಸರಿಟ್ಟಿದ್ದು ಇವನದ್ದೇ) ಇದೇ ಎಂ31ರ ಪ್ಲೇಟಿನಲ್ಲಿ ಹೊಸ ಚುಕ್ಕಿ ಕಂಡು ನೋವಾ (ದಿಢೀರ್ ಹೊಳೆದು ಮಂಕಾಗುವ ನಕ್ಷತ್ರ) ಅಂತ ಎನ್ ಅಕ್ಷರ ಬರೆದ. ಆಮೇಲೆ ಬೇರೆ ರಾತ್ರಿಗಳ ಪ್ಲೇಟು ತೆಗೆದು ನೋಡಿದ. ಅದೇ ಚುಕ್ಕಿಯ ಹೊಳಪು ಏರಿ ಇಳಿಯುತ್ತಿತ್ತು. ಎನ್ ಹೊಡೆದುಹಾಕಿ, ಹೊಳಪು ಬದಲಿಸುವ ನಕ್ಷತ್ರ ಅಂತ ಪಕ್ಕದಲ್ಲಿ ಬರೆದು ಒಂದು ಆಶ್ಚರ್ಯಚಿಹ್ನೆ ಹಾಕಿದ. ಅದು ಏರಿ ಇಳಿಯುವ ಅವಧಿಯಿಂದ ದೂರ ಲೆಕ್ಕ ಹಾಕಿದಾಗ, ಆ ಒಂದು ಚುಕ್ಕಿಯಿಂದ ಆಂಡ್ರೊಮಿಡಾ ನಮ್ಮ ಆಕಾಶಗಂಗೆಯ ಹೊರಗಿದೆ ಅಂತ ಗೊತ್ತಾಯಿತು. ಶ್ಯಾಪ್ಲಿ ವಾದವೂ ಅಲ್ಲಿಗೆ ಮುಗಿಯಿತು. ಒಂದೇ ಪ್ಲೇಟು ನೋಡಿ ಕೂತಿದ್ದರೆ ಅದು ನೋವಾ ಆಗಿಯೇ ಉಳಿಯುತ್ತಿತ್ತು. ನಿನ್ನ ಹತ್ತಿರ ಇನ್ನೂ ಒಂದೇ ರಾತ್ರಿ ಇದೆ.

ಕಲ್ಲುಕೋಟೆ · ಗುರುವಾರ, ಬೆಳಗ್ಗೆ 7:05

ಗುರುಗಳು ಹೇಳಿದ್ದು ಸರಿ, ನಾನೇ ಮೊದಲು ಹೇಳಬೇಕಿತ್ತು. ಹೊತ್ತಿನ ಪ್ರಕಾರ ಹಂಚಿದ ಮೇಲೂ ಕಮಾನು ಎರಡರಲ್ಲೂ ಇದ್ದರೆ ನಾನೇ ಭರಮಸಾಗರಕ್ಕೆ ಬರುತ್ತೇನೆ.

2023ರದ್ದನ್ನು ಹೋಲಿಸುತ್ತಿದ್ದೀರಿ, ಹಾಗಾಗಿ ಅದರ ಕಥೆಯೂ ಗೊತ್ತಿರಲಿ. ಅವರು ಆಮ್ಲಜನಕದ ಬೆಳಕನ್ನಷ್ಟೇ ಬಿಡುವ ಕಿರಿದಾದ ಫಿಲ್ಟರ್ ಹಾಕಿ ರಾತ್ರಿಗಟ್ಟಲೆ ತೆಗೆದರು. ಕಂಡ ಮೇಲೂ ನಂಬಲಿಲ್ಲ. ಬೇರೆ ಊರಿನ, ಬೇರೆ ದೂರದರ್ಶಕದವರ ಹತ್ತಿರ ತೆಗೆಸಿ ನೋಡಿದರು. ಎಲ್ಲದರಲ್ಲೂ ಬಂದ ಮೇಲೆ ಪ್ರಕಟಿಸಿದರು. ಫಿಲ್ಟರ್ ಇಲ್ಲದ ಕ್ಯಾಮೆರಾದಲ್ಲಿ ಎರಡೂವರೆ ಗಂಟೆಗೆ ಬೀಳುವ ವಸ್ತು ಅದಾಗಿದ್ದರೆ ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದೆ ಇರುತ್ತಿರಲಿಲ್ಲ.

ಮಂಡಕ್ಕಿ_ಮೆಣಸಿನಕಾಯಿ · ಶುಕ್ರವಾರ, ರಾತ್ರಿ 10:26

ಸರ್, ನೀವು ಭರಮಸಾಗರಕ್ಕೆ ಬರುವ ಅಗತ್ಯ ಇಲ್ಲ.

ಮೊದಲ 74ರಲ್ಲಿ ಕಮಾನು ಹೆಚ್ಚುಕಮ್ಮಿ ಇಲ್ಲ. ಕೊನೆಯ 74ರಲ್ಲಿ ದಪ್ಪಗೆ ಇದೆ. ಎದೆ ಧಸಕ್ ಅಂತು. ಆಮೇಲೆ ಒಂದೊಂದೇ ಫ್ರೇಮ್ ತೆಗೆದು ನೋಡುತ್ತಾ ಹೋದೆ. 68ರವರೆಗೆ ಏನೂ ಇಲ್ಲ. 69ನೇ ಫ್ರೇಮಿನಲ್ಲಿ ದಿಢೀರ್ ಅಂತ ಬಂದಿದೆ. ಅಲ್ಲಿಂದ 148ರವರೆಗೂ ಇದೆ. ಫ್ರೇಮಿನಿಂದ ಫ್ರೇಮಿಗೆ ಕೂದಲೆಳೆಯಷ್ಟು ಜರುಗುತ್ತಾ ಹೋಗುತ್ತದೆ, ನಕ್ಷತ್ರಗಳು ಮಾತ್ರ ಇದ್ದಲ್ಲೇ ಇವೆ. ಅಂದರೆ ಅದು ಆಕಾಶದ ಜೊತೆ ತಿರುಗುವ ವಸ್ತು ಅಲ್ಲ, ನೆಲದ ಮೇಲೆ ನಿಂತಿರುವ ಏನೋ. 69ನೇ ಫ್ರೇಮಿನ ಸಮಯ 10:02.

ಹತ್ತು ಗಂಟೆಗೆ ಏನಾಯಿತು ಅಂತ ಯೋಚಿಸಿದೆ. ಆ ಹೊತ್ತಿಗೆ ನಾನು ಕಂಬಳಿ ಹೊದ್ದು ಬದುವಿನ ಕೆಳಗೆ ಮಲಗಿದ್ದೆ. ಮಾವನಿಗೆ ಫೋನ್ ಮಾಡಿ, ಶನಿವಾರ ರಾತ್ರಿ ಹತ್ತಕ್ಕೆ ಯಾರಾದರೂ ಟಾರ್ಚ್ ಹಿಡಿದು ಬಂದಿದ್ದರಾ ಅಂತ ಕೇಳಿದೆ. ಮಾವ ಒಂದು ಕ್ಷಣವೂ ಯೋಚಿಸಲಿಲ್ಲ. "ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಹತ್ತಕ್ಕೆ ಅಲ್ಲೇನೋ ಬರ್ತಿದ್ದುದು. ಪಕ್ಕದ ಹೊಲದ ಪಂಪ್‌ಸೆಟ್ ಶೆಡ್ಡಿಗೆ ಬಲ್ಬು ಹಾಕೇ ಬಿಟ್ಟಿರ್ತಾನೆ. ಅದು ಹೊತ್ತಿಕೊಂಡ್ರೆ ಕರೆಂಟ್ ಬಂತು ಅಂತ ಗೊತ್ತಾಗ್ತದೆ, ಎದ್ದು ಹೋಗಿ ನೀರು ತಿರುಗಿಸ್ತೀವಿ" ಅಂದರು.

ಶೆಡ್ಡು ನಾನು ಕೂತಿದ್ದ ಜಾಗದಿಂದ ವಾಯವ್ಯಕ್ಕೆ. ಆಂಡ್ರೊಮಿಡಾ ಹತ್ತರ ಮೇಲೆ ಇಳಿಯುತ್ತಿದ್ದುದೂ ಅದೇ ದಿಕ್ಕಿಗೆ. ಬಲ್ಬು ಫ್ರೇಮಿನೊಳಗೆ ಇಲ್ಲ, ಆದರೆ ಹುಡ್ ಇಲ್ಲದ ಲೆನ್ಸಿನ ಗಾಜಿಗೆ ಓರೆಯಾಗಿ ಬಿದ್ದಿದೆ. ಲೆನ್ಸ್ ಕೆಳಗೆ ಬಾಗಿದಂತೆಲ್ಲ ಕಮಾನು ಗಟ್ಟಿಯಾಗಿರುವುದೂ ಇದಕ್ಕೇ ಇರಬೇಕು.

25 ಲಕ್ಷ ಜ್ಯೋತಿರ್ವರ್ಷ ಅಂದುಕೊಂಡಿದ್ದೆ. ನೂರು ಮೀಟರ್ ಕೂಡ ಇಲ್ಲ.

ಒಂದು ಅನುಮಾನ. ಸ್ಟ್ಯಾಕ್ ಮಾಡುವಾಗ ಸಿಗ್ಮಾ ಕ್ಲಿಪ್ಪಿಂಗ್ ಹಾಕಿದ್ದೆ. ವಿಮಾನ, ಸ್ಯಾಟಲೈಟ್ ಗೆರೆಗಳೆಲ್ಲ ಹೋದವು. ಇದು ಯಾಕೆ ಹೋಗಲಿಲ್ಲ?

ಕಲ್ಲುಕೋಟೆ · ಶನಿವಾರ, ಬೆಳಗ್ಗೆ 8:10

ಹಹ್ಹಾ. ಬೆಳಗ್ಗೆ ಬೆಳಗ್ಗೆ ಚಹಾ ಮೂಗಿಗೆ ಹತ್ತಿಸಿದಿರಿ.

ಸಿಗ್ಮಾ ಕ್ಲಿಪ್ಪಿಂಗ್ ಮಾಡೋದು ಬಹುಮತದ ಲೆಕ್ಕ. 148ರಲ್ಲಿ ಒಂದೋ ಎರಡೋ ಫ್ರೇಮಿನಲ್ಲಿ ಇರುವುದನ್ನು ಬೇರೆಯದು ಅಂತ ಎಸೆಯುತ್ತದೆ. ನಿಮ್ಮ ಬಲ್ಬು 80 ಫ್ರೇಮಿನಲ್ಲಿ ಇದೆ. ಬಹುಮತ ಅದರದ್ದೇ.

ಆ 80 ಫ್ರೇಮನ್ನು ಉಳಿಸಿಕೊಳ್ಳಲು ಒದ್ದಾಡಬೇಡಿ. ಊರಿನ ಬೆಳಕಿನ ಥರ ನಯವಾಗಿ ಹರಡಿದ್ದರೆ ಗ್ರಾಎಕ್ಸ್‌ಪರ್ಟ್ ತೆಗೆಯುತ್ತಿತ್ತು. ಇದು ಅಂಚಿರುವ ಕಮಾನು, ತೆಗೆಯಲು ಹೋದರೆ ಗೆಲಾಕ್ಸಿಯನ್ನೂ ಕೆರೆಯುತ್ತದೆ. ಮೊದಲ 68 ಫ್ರೇಮ್ ಮಾತ್ರ ಇಟ್ಟುಕೊಳ್ಳಿ. ಅರ್ಧಕ್ಕಿಂತ ಹೆಚ್ಚು ಹೋಯಿತು ಅಂತ ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ನಾಯ್ಸ್ ಎರಡು ಪಟ್ಟು ಆಗಲ್ಲ, ವರ್ಗಮೂಲದ ಲೆಕ್ಕದಲ್ಲಿ ಒಂದೂವರೆ ಪಟ್ಟು ಅಷ್ಟೇ.

ಕ್ರಮ ಹೀಗಿರಲಿ. 68 ಫ್ರೇಮಿನ ಸ್ಟ್ಯಾಕ್, ಹಿನ್ನೆಲೆಗೆ ಕಡಿಮೆ ಬಿಂದು, ಆಮೇಲೆ ಸಿರಿಲ್‌ನ ಫೋಟೋಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್. ಅದು ನಿಮ್ಮ ನಕ್ಷತ್ರಗಳ ಬಣ್ಣವನ್ನು ನಕ್ಷತ್ರಪಟ್ಟಿಯ ಅಳತೆಗಳ ಜೊತೆ ಹೋಲಿಸಿ ಸರಿಮಾಡುತ್ತದೆ, ನಿಮ್ಮ ಕಣ್ಣಳತೆ ಬೇಕಿಲ್ಲ. ಆಮೇಲೆ ಸ್ಟ್ರೆಚ್. ನಾಯ್ಸ್ ಕಡಿಮೆ ಮಾಡುವುದನ್ನು ಅರ್ಧದಷ್ಟೇ ಮಾಡಿ. ಸ್ವಲ್ಪ ಕಾಳು ಕಾಳಾಗಿ ಕಂಡರೆ ಕಾಣಲಿ, ಪೂರ್ತಿ ಉಜ್ಜಿದರೆ ಮತ್ತೆ ಪ್ಲಾಸ್ಟಿಕ್ ಆಗುತ್ತದೆ. ಸ್ಟಾರ್‌ನೆಟ್‌ನಲ್ಲಿ ನಕ್ಷತ್ರ ಬೇರ್ಪಡಿಸುವ ಆಸೆ ಇದ್ದರೆ, ತೆಗೆದ ನಕ್ಷತ್ರಗಳ ಪದರವನ್ನು ಒಮ್ಮೆ ನೋಡಿ. ತೋಳುಗಳ ಚಿಕ್ಕ ಗಂಟುಗಳನ್ನೂ ನಕ್ಷತ್ರ ಅಂತ ಎತ್ತಿಕೊಂಡು ಹೋಗಿರುತ್ತದೆ. ಶಾರ್ಪನ್ ಬೇಡ. ಮೊಬೈಲ್ ಆ್ಯಪ್ ಅಂತೂ ಬೇಡವೇ ಬೇಡ.

ಮಂಡಕ್ಕಿ_ಮೆಣಸಿನಕಾಯಿ · ಭಾನುವಾರ, ಸಂಜೆ 7:55

ಹೊಸ ಫೋಟೋ ಹಾಕಿದ್ದೇನೆ. 68 ಫ್ರೇಮ್. ಹಿನ್ನೆಲೆ 24. ಗೆಲಾಕ್ಸಿಯ ಉದ್ದ ಅಳೆದೆ, 3100 ಪಿಕ್ಸೆಲ್ ಬಂತು. ಎಂ110ರ ಸುತ್ತ ಮಂಜಿನಂಥ ಹರವು ಇದೆ, ಮೊದಲ ಫೋಟೋದಲ್ಲಿ ಅದು ಇರಲೇ ಇಲ್ಲ. ಬೆಸ-ಸಮ ಮಾಡಿ ನೋಡಿದೆ, ಏನೂ ಕುಣಿಯಲಿಲ್ಲ.

ಅದೇ ಗೆಳೆಯನಿಗೆ ತೋರಿಸಿದೆ. "ಮೊದಲಿನದ್ದೇ ಚೆನ್ನಾಗಿತ್ತಲ್ಲೋ, ಇದು ಸ್ವಲ್ಪ ಮಂಕು" ಅಂದ. ಆಮೇಲೆ ದೊಡ್ಡದು ಮಾಡಿ ನೋಡುತ್ತಾ ಎಂ32ರ ಮೇಲೆ ಬೆರಳಿಟ್ಟು "ಇದೇನು, ಇದೂ ಗೆಲಾಕ್ಸಿನಾ?" ಅಂತ ಕೇಳಿದ. ಹೌದು ಅಂದೆ. ಎಐ ಅನ್ನಲಿಲ್ಲ.

ಬಣ್ಣದ_ಬುಗುರಿ · ಭಾನುವಾರ, ರಾತ್ರಿ 8:20

ಚೆನ್ನಾಗಿದೆ. ನಾನಾಗಿದ್ದರೆ ಸ್ಯಾಚುರೇಶನ್ ಇನ್ನೊಂದು ಚೂರು.

ಎಂಟಿಂಚು · ಭಾನುವಾರ, ರಾತ್ರಿ 9:02

ಮುಂದಿನ ಅಮಾವಾಸ್ಯೆಗೆ ಏನು ಮಾಡ್ತೀಯ? ಬಲ್ಬು ಆರಿಸೋಕೆ ಹೇಳಿದೆಯಾ?

ಮಂಡಕ್ಕಿ_ಮೆಣಸಿನಕಾಯಿ · ಭಾನುವಾರ, ರಾತ್ರಿ 9:40

ಕೇಳಿದೆ ಗುರುಗಳೇ. "ಬಲ್ಬು ಆರಿಸಿದ್ರೆ ಕರೆಂಟ್ ಬಂದಿದ್ದು ಹೆಂಗೆ ಗೊತ್ತಾಗ್ಬೇಕು, ನೀನು ಎಬ್ಬಿಸ್ತೀಯಾ?" ಅಂತ ಪಕ್ಕದ ಹೊಲದವರು ಮಾವನ ಕೈಲಿ ಹೇಳಿ ಕಳಿಸಿದ್ದಾರೆ. ಎಬ್ಬಿಸ್ತೀನಿ ಅಂತ ಒಪ್ಪಿಕೊಂಡಿದ್ದೆ. ಆದರೆ ನಾನು ಹತ್ತಕ್ಕೆ ಮಲಗಿಬಿಡುತ್ತೇನೆ ಅಂತ ಮಾವನಿಗೆ ಗೊತ್ತು. ಹಾಗಾಗಿ ಶೆಡ್ಡಿನ ಪೂರ್ವದ ಕಡೆಗೆ ಎರಡು ಗೋಣಿಚೀಲ ಇಳಿಬಿಡೋದು ಅಂತ ತೀರ್ಮಾನ ಆಗಿದೆ. ಹುಡ್‌ಗೂ ಆರ್ಡರ್ ಹಾಕಿದ್ದೇನೆ, ಬುಧವಾರ ಬರುತ್ತದೆ.